ಏಷ್ಯಾದ ಬೊಕ್ಕಸದಲ್ಲಿ ಡಾಲರ್ ಇದೆ, ದುಡಿಯುವವರ ಕೈಯಲ್ಲಿ?

ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್. ಅದರ ಬಡ್ಡಿ ಸಮಿತಿ ವರ್ಷಕ್ಕೆ ಎಂಟು ಸಲ ಸಭೆ ಸೇರುತ್ತದೆ. ಮತ ಹಾಕುವವರು 12 ಮಂದಿ. ಅವರು ನೋಡುವುದು ಅಮೆರಿಕದ ಹಣದುಬ್ಬರ ಮತ್ತು ಅಮೆರಿಕದ ಉದ್ಯೋಗ, ಅಷ್ಟೇ. ಜಕಾರ್ತದಲ್ಲಿ ಬೈಕ್ ಸಾಲ ಮಾಡಿದವರು, ಮನಿಲಾದಲ್ಲಿ ಮನೆ ಕಟ್ಟಿಸುತ್ತಿರುವವರು, ಬೆಂಗಳೂರಿನಲ್ಲಿ ಮಗಳನ್ನು ಹೊರದೇಶಕ್ಕೆ ಓದಲು ಕಳಿಸಿದವರು ಅವರ ಲೆಕ್ಕದಲ್ಲಿಲ್ಲ. ಆದರೂ ಅಲ್ಲಿ ಆದ ತೀರ್ಮಾನ ಕೆಲವೇ ತಿಂಗಳಲ್ಲಿ ಈ ಮೂರೂ ಮನೆಗಳ ಖರ್ಚಿಗೆ ತಟ್ಟುತ್ತದೆ.

2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ಆ ಸಮಿತಿ ಬಡ್ಡಿದರವನ್ನು ಹೆಚ್ಚೂಕಡಿಮೆ ಸೊನ್ನೆಯಿಂದ ಶೇ 5.25–5.50ರವರೆಗೆ ಏರಿಸಿತು. ಅಮೆರಿಕ ಸರ್ಕಾರದ ಸಾಲಪತ್ರ ಪ್ರಪಂಚದಲ್ಲೇ ಅತ್ಯಂತ ಭದ್ರ ಎಂಬ ನಂಬಿಕೆಯಿದೆ. ಅಲ್ಲೇ ಶೇ 5 ಬಡ್ಡಿ ಸಿಗುವಾಗ, ಒಂದೆರಡು ಪರ್ಸೆಂಟ್ ಹೆಚ್ಚಿಗೆ ಬರುತ್ತದೆಂದು ಮುಂಬೈಯಲ್ಲೋ ಜಕಾರ್ತದಲ್ಲೋ ದುಡ್ಡಿಟ್ಟು ಅಪಾಯ ಮೈಮೇಲೆ ಎಳೆದುಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಹೂಡಿಕೆದಾರರು ರೂಪಾಯಿ, ರುಪಿಯಾ, ಪೆಸೊ ಮಾರಿ ಡಾಲರ್ ಕೊಂಡರು. ಬೇಡಿಕೆ ಹೆಚ್ಚಾಗಿ ಡಾಲರ್ ದುಬಾರಿಯಾಯಿತು. ಕಚ್ಚಾ ತೈಲ, ತಾಳೆ ಎಣ್ಣೆ, ರಸಗೊಬ್ಬರ ಎಲ್ಲಕ್ಕೂ ಡಾಲರಿನಲ್ಲೇ ದುಡ್ಡು ಎಣಿಸಬೇಕಾದ ದೇಶಗಳಲ್ಲಿ ಬೆಲೆ ಏರಿತು. ಬೆಲೆ ಹಿಡಿದಿಡಲು ಅಲ್ಲಿನ ಕೇಂದ್ರ ಬ್ಯಾಂಕುಗಳೂ ಬಡ್ಡಿ ಏರಿಸಿದವು. ನಮ್ಮ ರಿಸರ್ವ್ ಬ್ಯಾಂಕ್ 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಒಯ್ದದ್ದು ಗೃಹಸಾಲ ಇರುವವರಿಗೆಲ್ಲ ನೆನಪಿದ್ದೀತು. ಅವರ ಇಎಂಐ ಏರಿತ್ತು, ಇಲ್ಲವೇ ಸಾಲದ ಅವಧಿ ಉದ್ದವಾಗಿತ್ತು.

ಹೀಗಿದ್ದೂ 2022ರಲ್ಲಿ ಇಂಡೊನೇಷ್ಯಾ, ಥಾಯ್ಲೆಂಡ್, ಮಲೇಷ್ಯಾ, ಫಿಲಿಪ್ಪೀನ್ಸ್, ಭಾರತ ಯಾವುದೂ ಕುಸಿಯಲಿಲ್ಲ. ಕಾಲು ಶತಮಾನದ ಹಿಂದೆ ಇದಕ್ಕಿಂತ ಸಣ್ಣ ಗಾಳಿಗೆ ಈ ಪ್ರದೇಶದ ಅರ್ಧ ಭಾಗ ಉರುಳಿಬಿದ್ದಿತ್ತು. ಆ ಪೆಟ್ಟಿನಿಂದ ಏಷ್ಯಾ ಪಾಠ ಕಲಿತಿದೆ, ಚೆನ್ನಾಗಿಯೇ ಕಲಿತಿದೆ. ಆದರೆ ಕಲಿತ ರೀತಿಯೇ ಅದನ್ನು ಬೇರೆಯವರ ಮಾರುಕಟ್ಟೆಗೆ ಕಟ್ಟಿಹಾಕಿದೆ ಎಂಬುದು ನನ್ನ ವಾದ. ಮುಂದಿನ ಹತ್ತು ವರ್ಷದ ಸವಾಲುಗಳೆಲ್ಲ ಆ ಕಟ್ಟಿನಿಂದ ಹೊರಬರುವುದಕ್ಕೆ ಸಂಬಂಧಿಸಿದವು. ಅದನ್ನು ಅರ್ಥ ಮಾಡಿಕೊಳ್ಳಲು ಬ್ಯಾಂಕಾಕ್‌ನಿಂದ ಶುರು ಮಾಡಬೇಕು.

ಬಾತ್ ಬಿದ್ದ ದಿನ

1990ರ ದಶಕದ ಮೊದಲ ಭಾಗದಲ್ಲಿ ಥಾಯ್ಲೆಂಡ್ ಎಲ್ಲರ ಕಣ್ಮಣಿ. ಒಂದು ಡಾಲರಿಗೆ ಸುಮಾರು 25 ಬಾತ್ ಎಂಬ ದರವನ್ನು ಅಲ್ಲಿನ ಸರ್ಕಾರ ವರ್ಷಗಟ್ಟಲೆ ಕದಲದಂತೆ ಇಟ್ಟುಕೊಂಡಿತ್ತು. 1993ರಲ್ಲಿ ಹೊರದೇಶದಿಂದ ಸಾಲ ತರಲು ಬ್ಯಾಂಕುಗಳಿಗೆ ಬಾಗಿಲು ತೆರೆಯಿತು. ಥಾಯ್ ಬ್ಯಾಂಕುಗಳಲ್ಲಿ ಸಾಲದ ಬಡ್ಡಿ ಶೇ 12ರ ಮೇಲೆ. ಡಾಲರ್ ಸಾಲ ಅದಕ್ಕಿಂತ ಬಹಳ ಅಗ್ಗ. ದರ ಬದಲಾಗುವುದೇ ಇಲ್ಲ ಎಂದಮೇಲೆ ಯಾರು ಬಾತ್‌ನಲ್ಲಿ ಸಾಲ ಮಾಡುತ್ತಾರೆ? ಕಂಪನಿಗಳು, ಬ್ಯಾಂಕುಗಳು, ಬಿಲ್ಡರುಗಳು ಎಲ್ಲರೂ ಡಾಲರಿನಲ್ಲಿ ತಂದು ಬಾತ್‌ನಲ್ಲಿ ಸುರಿದರು. ಬ್ಯಾಂಕಾಕ್ ತುಂಬ ಗಗನಚುಂಬಿಗಳೆದ್ದವು. ಕೊಳ್ಳುವವರಿಲ್ಲದೆ ಖಾಲಿ ಬಿದ್ದವು.

ಸಾಲದ ಮೊತ್ತ ಡಾಲರಿನಲ್ಲಿ, ಬಾಡಿಗೆ ಬರುವುದು ಬಾತ್‌ನಲ್ಲಿ. ಹತ್ತು ಲಕ್ಷ ಡಾಲರ್ ಸಾಲ ಮಾಡಿದವನಿಗೆ 25ರ ದರದಲ್ಲಿ ಅದು 2.5 ಕೋಟಿ ಬಾತ್. ದರ 50ಕ್ಕೆ ಹೋದರೆ, ಒಂದು ಕಾಸೂ ಹೊಸದಾಗಿ ಸಾಲ ಮಾಡದೆಯೇ, 5 ಕೋಟಿ. ಇಡೀ ಬಿಕ್ಕಟ್ಟಿನ ಗುಟ್ಟು ಇಷ್ಟೇ. ಜೊತೆಗೆ ದೇಶದ ಚಾಲ್ತಿ ಖಾತೆ ಕೊರತೆ, ಅಂದರೆ ಹೊರಗಿನಿಂದ ಬರುವ ದುಡಿಮೆಗಿಂತ ಹೊರಗೆ ಹೋಗುವ ಖರ್ಚು ಹೆಚ್ಚಾಗಿರುವ ಮೊತ್ತ, ಜಿಡಿಪಿಯ ಶೇ 8ರ ಹತ್ತಿರ ಬಂದಿತ್ತು. ಈ ದರ ನಿಲ್ಲುವುದಿಲ್ಲ ಎಂದು ಮಾರುಕಟ್ಟೆಯವರು ವಾಸನೆ ಹಿಡಿದರು. ಬಾತ್ ಮಾರಾಟ ಶುರುವಾಯಿತು. ಥಾಯ್ ಕೇಂದ್ರ ಬ್ಯಾಂಕ್ ತನ್ನಲ್ಲಿದ್ದ ಡಾಲರ್ ಕೊಟ್ಟು ಬಾತ್ ಕೊಳ್ಳುತ್ತ ಹೋಯಿತು. ಲೆಕ್ಕದ ಪುಸ್ತಕದಲ್ಲಿ ದೊಡ್ಡ ಮೊತ್ತವೇ ಕಾಣುತ್ತಿತ್ತು, ಆದರೆ ಮುಂದೆ ಕೊಡುತ್ತೇವೆಂದು ಒಪ್ಪಿಕೊಂಡದ್ದನ್ನು ಕಳೆದರೆ ಕೈಯಲ್ಲಿ ಉಳಿದದ್ದು 3 ಬಿಲಿಯನ್ ಡಾಲರಿಗೂ ಕಡಿಮೆ. 1997ರ ಜೂನ್ 30ರಂದು ಪ್ರಧಾನಿ ಚವಲಿತ್ ಯೊಂಗ್‌ಚಾಯುತ್ ಅಪಮೌಲ್ಯ ಮಾಡುವುದಿಲ್ಲ ಎಂದು ಜನರಿಗೆ ಭರವಸೆ ಕೊಟ್ಟರು. ಜುಲೈ 2ರಂದು ಬಾತ್ ಅನ್ನು ಮಾರುಕಟ್ಟೆಗೆ ಬಿಟ್ಟುಕೊಡಲಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಮುಂದಿನ ಜನವರಿಯ ಹೊತ್ತಿಗೆ ಡಾಲರಿಗೆ 56 ಬಾತ್.

ಬೆಂಕಿ ಅಲ್ಲಿಗೆ ನಿಲ್ಲಲಿಲ್ಲ. ಸಾಲ ಕೊಟ್ಟವರು ಇಂಥದೇ ಪರಿಸ್ಥಿತಿ ಇನ್ನೆಲ್ಲಿದೆ ಎಂದು ಹುಡುಕಿದರು. ಇಂಡೊನೇಷ್ಯಾದಲ್ಲಿ ಡಾಲರಿಗೆ 2,400 ಇದ್ದ ರುಪಿಯಾ 1998ರಲ್ಲಿ 15,000 ದಾಟಿತು. ಆ ವರ್ಷ ಅಲ್ಲಿನ ಆರ್ಥಿಕತೆ ಶೇ 13ರಷ್ಟು ಕುಗ್ಗಿತು, ಬೀದಿಯಲ್ಲಿ ರಕ್ತ ಹರಿಯಿತು, ಮೂರು ದಶಕ ಆಳಿದ ಸುಹಾರ್ತೊ ಮೇ 21ರಂದು ಕೆಳಗಿಳಿದರು. ದಕ್ಷಿಣ ಕೊರಿಯಾದಲ್ಲಿ ಸಾಮಾನ್ಯ ಜನ ಮದುವೆಯ ಉಂಗುರ, ಮಗುವಿನ ಹುಟ್ಟುಹಬ್ಬದ ಉಂಗುರ ತಂದು ದೇಶದ ಸಾಲ ತೀರಿಸಲೆಂದು ಒಪ್ಪಿಸಿದರು. ಹಾಗೆ ಕೂಡಿದ್ದು 220 ಟನ್ನಿಗೂ ಹೆಚ್ಚು ಚಿನ್ನ. ಬಿಕ್ಕಟ್ಟಿಗೆ ಸಿಕ್ಕಿದ ದೇಶಗಳಿಗೆ ಷರತ್ತಿನ ಮೇಲೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಖ್ಯಸ್ಥ ಮಿಶೆಲ್ ಕ್ಯಾಮ್ಡೆಸಸ್ ಕೈಕಟ್ಟಿ ನಿಂತಿರಲು, ಸುಹಾರ್ತೊ ಬಗ್ಗಿ ಸಾಲದ ಒಪ್ಪಂದಕ್ಕೆ ಸಹಿ ಹಾಕುತ್ತಿರುವ 1998ರ ಜನವರಿಯ ಚಿತ್ರ ಏಷ್ಯಾದ ಒಂದಿಡೀ ತಲೆಮಾರಿನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅಂಥ ಅವಮಾನ ಮತ್ತೆ ಬೇಡ ಎಂಬ ಹಟ ಮುಂದಿನ ಇಪ್ಪತ್ತೈದು ವರ್ಷದ ನೀತಿಗಳ ತಳದಲ್ಲಿದೆ. ಭಾರತೀಯರಿಗೆ ಇದು ಅಪರಿಚಿತವಲ್ಲ. 1991ರ ಜುಲೈಯಲ್ಲಿ ನಾವು ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಹೊರಗೆ ಸಾಗಿಸಿ ಅಡವಿಟ್ಟವರೇ.

ಮೂರರಲ್ಲಿ ಎರಡೇ ಸಿಗುವುದು

ಇಲ್ಲಿ ಅರ್ಥಶಾಸ್ತ್ರದ ಒಂದು ಮೂಲ ವಿಚಾರ ತಿಳಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. 1960ರ ದಶಕದಲ್ಲಿ ಇದರ ಬುನಾದಿ ಹಾಕಿದವರಲ್ಲಿ ರಾಬರ್ಟ್ ಮಂಡೆಲ್ ಒಬ್ಬರು. 1999ರಲ್ಲಿ ಅವರಿಗೆ ನೊಬೆಲ್ ಬಂತು. ಯಾವುದೇ ದೇಶಕ್ಕೆ ಮೂರು ಆಸೆಗಳಿರುತ್ತವೆ. ತನ್ನ ನಾಣ್ಯದ ವಿನಿಮಯ ದರ ಸ್ಥಿರವಾಗಿರಬೇಕು. ಬಂಡವಾಳ ಅಡೆತಡೆ ಇಲ್ಲದೆ ಒಳಗೂ ಹೊರಗೂ ಓಡಾಡಬೇಕು. ಬಡ್ಡಿದರವನ್ನು ತನ್ನ ಅಗತ್ಯಕ್ಕೆ ತಕ್ಕಂತೆ ತಾನೇ ತೀರ್ಮಾನಿಸಬೇಕು. ಮೂರೂ ಒಟ್ಟಿಗೆ ಸಿಗುವುದಿಲ್ಲ. ಒಂದನ್ನು ಬಿಡಲೇಬೇಕು.

ಹಾಂಗ್‌ಕಾಂಗ್ ಮೂರನೆಯದನ್ನು ಬಿಟ್ಟಿತು. 1983ರಿಂದ ಅದರ ಡಾಲರು ಅಮೆರಿಕದ ಡಾಲರಿಗೆ 7.8ರ ದರದಲ್ಲಿ ಅಂಟಿಕೊಂಡಿದೆ. ಹಾಗಾಗಿ ಅಮೆರಿಕ ಬಡ್ಡಿ ಏರಿಸಿದರೆ ಸ್ಥಳೀಯ ಪರಿಸ್ಥಿತಿ ಏನೇ ಇದ್ದರೂ ಹಾಂಗ್‌ಕಾಂಗೂ ಏರಿಸಬೇಕು. ಚೀನಾ ಎರಡನೆಯದನ್ನು ಬಿಟ್ಟಿತು. ಯುವಾನ್ ತನ್ನಿಚ್ಛೆಯಂತೆ ಗಡಿ ದಾಟುವಂತಿಲ್ಲ. ಥಾಯ್ಲೆಂಡ್ 1997ರಲ್ಲಿ ಮೂರನ್ನೂ ಹಿಡಿಯಲು ಹೋಗಿ ಬಿದ್ದಿತು. ಮಲೇಷ್ಯಾದ ಪ್ರಧಾನಿ ಮಹಾತಿರ್ 1998ರ ಸೆಪ್ಟೆಂಬರ್ 1ರಂದು ಬಂಡವಾಳ ಹೊರಹೋಗದಂತೆ ನಿರ್ಬಂಧ ಹೇರಿ, ಅಲ್ಲಿನ ನಾಣ್ಯ ರಿಂಗಿಟ್ ಅನ್ನು ಡಾಲರಿಗೆ 3.80ರ ದರಕ್ಕೆ ಕಟ್ಟಿದಾಗ ಪಾಶ್ಚಾತ್ಯ ಪಂಡಿತರೆಲ್ಲ ಕಿಡಿಕಾರಿದರು. ಮಲೇಷ್ಯಾ ಚೇತರಿಸಿಕೊಂಡಿತು, 2005ರಲ್ಲಿ ಆ ಕಟ್ಟನ್ನು ತಾನೇ ಬಿಚ್ಚಿತು. ಕೆಲವು ಸಂದರ್ಭಗಳಲ್ಲಿ ಬಂಡವಾಳ ನಿರ್ಬಂಧ ಸರಿಯಾದ ಸಾಧನವೇ ಎಂದು ಐಎಂಎಫ್ ಅಧಿಕೃತವಾಗಿ ಒಪ್ಪಿಕೊಂಡದ್ದು 2012ರಲ್ಲಿ. ಆ 14 ವರ್ಷಗಳ ನಡುವೆ ಎಷ್ಟು ದೇಶಗಳಿಗೆ ತಪ್ಪು ಮದ್ದು ಕುಡಿಸಲಾಯಿತು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಉಳಿದವರು ಮಧ್ಯದ ದಾರಿ ಹಿಡಿದರು. ವಿನಿಮಯ ದರವನ್ನು ಸ್ವಲ್ಪ ತೂಗಾಡಲು ಬಿಟ್ಟರು. ಕೇಂದ್ರ ಬ್ಯಾಂಕಿಗೆ ದರದ ಬದಲು ಹಣದುಬ್ಬರ ಕಾಯುವ ಕೆಲಸ ವಹಿಸಿದರು: ಕೊರಿಯಾ 1998ರಲ್ಲಿ, ಥಾಯ್ಲೆಂಡ್ 2000ದಲ್ಲಿ, ಫಿಲಿಪ್ಪೀನ್ಸ್ 2002ರಲ್ಲಿ, ಇಂಡೊನೇಷ್ಯಾ 2005ರಲ್ಲಿ, ಭಾರತ 2016ರಲ್ಲಿ. ಸರ್ಕಾರಗಳು ಡಾಲರ್ ಸಾಲ ತಗ್ಗಿಸಿ ಸ್ವಂತ ನಾಣ್ಯದಲ್ಲಿ ಸಾಲಪತ್ರ ಮಾರುವುದನ್ನು ಬೆಳೆಸಿದವು. ಇದರ ಮಹತ್ವ ಹೊರಗಿನವರಿಗೆ ಕಾಣುವುದಿಲ್ಲ, ಆದರೆ ಅತಿ ಮುಖ್ಯವಾದ ಸುಧಾರಣೆ ಇದೇ. ಸಾಲ ರುಪಿಯಾದಲ್ಲಿದ್ದರೆ ರುಪಿಯಾ ಬಿದ್ದಾಗ ಸಾಲ ಉಬ್ಬುವುದಿಲ್ಲ. ಎಲ್ಲಕ್ಕಿಂತ ಕಣ್ಣಿಗೆ ಕಾಣುವಂತೆ ಮಾಡಿದ್ದು ಮಾತ್ರ ಡಾಲರ್ ಕೂಡಿಡುವುದು.

ಮೀಸಲು ನಿಧಿ ಎಂಬ ಗೋಡೆ

ವಿದೇಶಿ ವಿನಿಮಯ ಮೀಸಲು ಎಂದರೆ ಕೇಂದ್ರ ಬ್ಯಾಂಕಿನ ಬಳಿ ಇರುವ ಡಾಲರ್, ಯೂರೊ, ಚಿನ್ನ ಮುಂತಾದವು. ಚೀನಾದ ಬಳಿ 3 ಲಕ್ಷ ಕೋಟಿ ಡಾಲರಿಗೂ ಹೆಚ್ಚು. ಭಾರತದ್ದು 2024ರ ಸೆಪ್ಟೆಂಬರಿನಲ್ಲಿ 700 ಬಿಲಿಯನ್ ದಾಟಿತು. 1991ರಲ್ಲಿ ಎರಡು ಮೂರು ವಾರದ ಆಮದಿಗೆ ಸಾಲುವಷ್ಟೇ ಇತ್ತು ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಇದಲ್ಲದೆ ಆಗ್ನೇಯ ಏಷ್ಯಾದ ಒಕ್ಕೂಟವಾದ ಆಸಿಯಾನ್‌ನ ದೇಶಗಳು ಚೀನಾ, ಜಪಾನ್, ಕೊರಿಯಾ ಜೊತೆ ಸೇರಿ 240 ಬಿಲಿಯನ್ ಡಾಲರಿನ ಒಂದು ಪರಸ್ಪರ ನೆರವಿನ ಒಪ್ಪಂದವನ್ನೂ ಮಾಡಿಕೊಂಡಿವೆ. ಚಿಯಾಂಗ್ ಮಾಯ್ ಒಪ್ಪಂದ ಎಂದು ಹೆಸರಾದ ಅದರಿಂದ ಇದುವರೆಗೂ ಬಿಕ್ಕಟ್ಟಿನ ಹೊತ್ತಿನಲ್ಲಿ ಯಾರೂ ದುಡ್ಡು ತೆಗೆದಿಲ್ಲ. ಪ್ರತಿ ದೇಶವೂ ನೆರೆಯವರಿಗಿಂತ ಸ್ವಂತ ತಿಜೋರಿಯನ್ನೇ ಹೆಚ್ಚು ನಂಬುತ್ತದೆ.

ಗೋಡೆ ಸಾಕಷ್ಟು ಎತ್ತರವಿಲ್ಲದಿದ್ದರೆ ಏನಾಗುತ್ತದೆಂದು 2013ರಲ್ಲಿ ಭಾರತ ಕಂಡಿತು. ಮೇ 22ರಂದು ಫೆಡರಲ್ ರಿಸರ್ವ್‌ನ ಬೆನ್ ಬರ್ನಾಂಕೆ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ, ಮಾರುಕಟ್ಟೆಗೆ ಡಾಲರ್ ಹರಿಸುತ್ತಿದ್ದ ಸಾಲಪತ್ರ ಖರೀದಿಯನ್ನು ಮುಂದೆ ನಿಧಾನ ಮಾಡಬಹುದು ಎಂದರು. ಅಷ್ಟೇ, ಮಾಡಲಿಲ್ಲ, ಮಾಡಬಹುದು ಎಂದರು. ಹಿಂದಿನ ವರ್ಷ ಚಾಲ್ತಿ ಖಾತೆ ಕೊರತೆಯನ್ನು ಜಿಡಿಪಿಯ ಶೇ 4.8ಕ್ಕೆ ಬೆಳೆಸಿಕೊಂಡಿದ್ದ ಭಾರತದ ರೂಪಾಯಿ ಆಗಸ್ಟ್ ಅಂತ್ಯಕ್ಕೆ ಡಾಲರಿಗೆ 68 ದಾಟಿತು. ಭಾರತ, ಇಂಡೊನೇಷ್ಯಾ, ಬ್ರೆಜಿಲ್, ಟರ್ಕಿ, ದಕ್ಷಿಣ ಆಫ್ರಿಕಾಗಳಿಗೆ 'ದುರ್ಬಲ ಐವರು' ಎಂಬ ಹಣೆಪಟ್ಟಿ ಬಿತ್ತು. ಸೆಪ್ಟೆಂಬರಿನಲ್ಲಿ ಗವರ್ನರ್ ಆದ ರಘುರಾಮ್ ರಾಜನ್ ಅನಿವಾಸಿ ಭಾರತೀಯರ ಠೇವಣಿ ಮತ್ತು ಬ್ಯಾಂಕುಗಳ ವಿದೇಶಿ ಸಾಲದ ದಾರಿಯಲ್ಲಿ ಸುಮಾರು 34 ಬಿಲಿಯನ್ ಡಾಲರ್ ತರಿಸಿಕೊಂಡ ಮೇಲೆ ಉಸಿರು ಬಂತು.

ಈ ಗೋಡೆಗೆ ವೆಚ್ಚವಿದೆ. ರಿಸರ್ವ್ ಬ್ಯಾಂಕ್ ಡಾಲರ್ ಕೊಂಡಾಗ ಅಷ್ಟು ರೂಪಾಯಿ ಮಾರುಕಟ್ಟೆಗೆ ಬರುತ್ತದೆ. ಅದು ಬೆಲೆ ಏರಿಸದಂತೆ ಹಿಂದಕ್ಕೆ ಎಳೆಯಲು ಸಾಲಪತ್ರ ಮಾರಬೇಕು, ಅದಕ್ಕೆ ಶೇ 6–7 ಬಡ್ಡಿ. ಕೊಂಡ ಡಾಲರನ್ನು ಅಮೆರಿಕದ ಸಾಲಪತ್ರದಲ್ಲಿ ಇಟ್ಟರೆ ಸಿಗುವುದು ಅದಕ್ಕಿಂತ ಕಡಿಮೆ. ಎಷ್ಟೋ ವರ್ಷ ಶೇ 1–2 ಮಾತ್ರ ಸಿಕ್ಕಿದ್ದೂ ಇದೆ. ರೂಪಾಯಿ ಇಳಿದಾಗ ಹಳೆಯ ಡಾಲರನ್ನು ಮಾರಿ ಲಾಭ ಮಾಡಿಕೊಳ್ಳಬಹುದು ನಿಜ. 2025ರ ಮೇಯಲ್ಲಿ ರಿಸರ್ವ್ ಬ್ಯಾಂಕ್ ಕೇಂದ್ರ ಸರ್ಕಾರಕ್ಕೆ ಕೊಟ್ಟ 2.69 ಲಕ್ಷ ಕೋಟಿ ರೂಪಾಯಿಯ ದಾಖಲೆ ಲಾಭಾಂಶದಲ್ಲಿ ಅಂಥ ಮಾರಾಟದ ಪಾಲು ದೊಡ್ಡದು. ಆದರೂ ಒಟ್ಟು ಚಿತ್ರ ವಿಚಿತ್ರವೇ: ರಸ್ತೆ, ಶಾಲೆ, ಆಸ್ಪತ್ರೆಗೆ ಬಂಡವಾಳವಿಲ್ಲದ ದೇಶಗಳು ಪ್ರಪಂಚದ ಅತಿ ಶ್ರೀಮಂತ ದೇಶಕ್ಕೆ ಕಡಿಮೆ ಬಡ್ಡಿಗೆ ಸಾಲ ಕೊಡುತ್ತಿವೆ.

ಗೋಡೆ ಕಟ್ಟದವರ ಗತಿ ನೋಡಿದರೆ ಈ ವೆಚ್ಚ ದುಬಾರಿ ಅನ್ನಿಸುವುದಿಲ್ಲ. ಶ್ರೀಲಂಕಾ 2019ರ ಡಿಸೆಂಬರಿನಲ್ಲಿ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿತು. ತೆರಿಗೆ ಆದಾಯ ಜಿಡಿಪಿಯ ಶೇ 12ರ ಆಸುಪಾಸಿನಿಂದ ಶೇ 8ರ ಆಸುಪಾಸಿಗೆ ಬಂತು. ಕೋವಿಡ್ ಬಂದು ಪ್ರವಾಸಿಗರು ನಿಂತರು. 2021ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಎಂಬಂತೆ ರಾಸಾಯನಿಕ ಗೊಬ್ಬರದ ಆಮದು ನಿಷೇಧಿಸಿದರು, ಭತ್ತ ಮತ್ತು ಚಹಾ ಎರಡೂ ಬಿದ್ದವು. ಇದೆಲ್ಲದರ ನಡುವೆಯೂ ರೂಪಾಯಿಯ ದರ ಹಿಡಿದಿಡಲು ಉಳಿದ ಡಾಲರನ್ನೂ ಖರ್ಚು ಮಾಡಿದರು, ಬ್ಯಾಂಕಾಕ್‌ನಲ್ಲಿ ಆದದ್ದೇ ಮತ್ತೆ. 2022ರ ಏಪ್ರಿಲ್ 12ರಂದು ವಿದೇಶಿ ಸಾಲ ತೀರಿಸುವುದನ್ನು ನಿಲ್ಲಿಸುತ್ತಿದ್ದೇವೆ ಎಂದು ಘೋಷಿಸಿದರು. ಪೆಟ್ರೋಲಿಗೆ ದಿನಗಟ್ಟಲೆ ಸಾಲು, ಸೆಪ್ಟೆಂಬರಿನಲ್ಲಿ ಕೊಲಂಬೊದ ಹಣದುಬ್ಬರ ಶೇ 70ರ ಹತ್ತಿರ. ಆ ವರ್ಷ ಭಾರತ ಕೊಟ್ಟ ಸುಮಾರು 4 ಬಿಲಿಯನ್ ಡಾಲರ್ ನೆರವು ಆ ಜನಕ್ಕೆ ಔಷಧ, ಇಂಧನ, ಅಕ್ಕಿಯಾಗಿ ಮುಟ್ಟಿತು.

ಕೊಳ್ಳುವವರು ಯಾರು?

ಈಗ ಕಟ್ಟಿನ ವಿಷಯಕ್ಕೆ ಬರೋಣ. ಡಾಲರ್ ಕೂಡಿಡಬೇಕಾದರೆ ಡಾಲರ್ ಬರಬೇಕು. ಭಾರತಕ್ಕೆ ಅದು ಬಹುಪಾಲು ಸಾಫ್ಟ್‌ವೇರ್ ಸೇವೆ, ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ ಮತ್ತು ವಿದೇಶಿ ಹೂಡಿಕೆಯಿಂದ ಬರುತ್ತದೆ. ಫಿಲಿಪ್ಪೀನ್ಸಿನದೂ ಹೆಚ್ಚೂಕಡಿಮೆ ಅದೇ ದಾರಿ. ಪೂರ್ವ ಏಷ್ಯಾದ ಉಳಿದವರು ನೆಚ್ಚಿದ್ದು ಸರಕಿನ ರಫ್ತನ್ನು: ಕೊಳ್ಳುವುದಕ್ಕಿಂತ ಹೆಚ್ಚು ಮಾರು, ಕೂಲಿ ಕಡಿಮೆ ಇರಲಿ, ನಾಣ್ಯ ತೀರಾ ಬಲವಾಗದಿರಲಿ. ಜಪಾನ್, ಕೊರಿಯಾ, ತೈವಾನ್, ಚೀನಾ ಎಲ್ಲ ಹೀಗೇ ಮೇಲೆ ಬಂದವು.

ವಿಯೆಟ್ನಾಂ ಇದರ ಅತಿ ಶುದ್ಧ ಉದಾಹರಣೆ. 1986ರಲ್ಲಿ ಮಾರುಕಟ್ಟೆಗೆ ಬಾಗಿಲು ತೆರೆದ 'ದೊಯ್ ಮೊಯ್' ಸುಧಾರಣೆ, 2007ರಲ್ಲಿ ವಿಶ್ವ ವ್ಯಾಪಾರ ಸಂಘಟನೆಗೆ ಸೇರ್ಪಡೆ, ಆಮೇಲೆ ಹನೋಯ್ ಸುತ್ತಲಿನ ಬಾಕ್ ನಿನ್, ಥಾಯ್ ನ್ಗುಯೆನ್ ಪ್ರಾಂತ್ಯಗಳಿಗೆ ಸ್ಯಾಮ್‌ಸಂಗ್. 2024ರಲ್ಲಿ ಅದರ ರಫ್ತು 400 ಬಿಲಿಯನ್ ಡಾಲರ್ ದಾಟಿತು, ಅಂದರೆ ಜಿಡಿಪಿಯ ಶೇ 85ರ ಹತ್ತಿರ. ಅದರಲ್ಲಿ ಹತ್ತರಲ್ಲಿ ಏಳು ಪಾಲು ವಿದೇಶಿ ಕಂಪನಿಗಳದ್ದು. ಬಿಡಿಭಾಗ ಬರುವುದು ಚೀನಾ, ಕೊರಿಯಾದಿಂದ. ಸುಮಾರು ಶೇ 30 ರಫ್ತು ಒಂದೇ ದೇಶಕ್ಕೆ, ಅಮೆರಿಕಕ್ಕೆ. ಬಡತನ ಇಳಿಸುವುದರಲ್ಲಿ ಈ ದಾರಿ ಮಾಡಿದ ಕೆಲಸವನ್ನು ನಾನು ಕಿಂಚಿತ್ತೂ ಕಡಿಮೆ ಎಣಿಸುವುದಿಲ್ಲ. ಆದರೆ ಒಬ್ಬನೇ ಗಿರಾಕಿಯ ಮೇಲೆ ಇಷ್ಟು ಭಾರ ಹಾಕಿದರೆ ಗಿರಾಕಿ ಮನಸ್ಸು ಬದಲಿಸಿದಾಗ ಏನು ಮಾಡುವುದು?

2025ರ ಏಪ್ರಿಲ್ 2ರಂದು ಗಿರಾಕಿ ಮನಸ್ಸು ಬದಲಿಸಿದ. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹಿಡಿದು ತೋರಿಸಿದ ಪಟ್ಟಿಯಲ್ಲಿ ಕಾಂಬೋಡಿಯಾಕ್ಕೆ ಶೇ 49, ವಿಯೆಟ್ನಾಂಗೆ ಶೇ 46, ಶ್ರೀಲಂಕಾಕ್ಕೆ ಶೇ 44, ಬಾಂಗ್ಲಾದೇಶಕ್ಕೆ ಶೇ 37, ಇಂಡೊನೇಷ್ಯಾಕ್ಕೆ ಶೇ 32 ಸುಂಕ. ಮಾತುಕತೆಯ ನಂತರ ಆಗಸ್ಟ್ ಹೊತ್ತಿಗೆ ಇವರಲ್ಲಿ ಎಲ್ಲರದೂ ಶೇ 19–20ಕ್ಕೆ ಇಳಿಯಿತು. ಭಾರತದ್ದು ಮಾತ್ರ, ರಷ್ಯಾದ ತೈಲ ಕೊಳ್ಳುತ್ತದೆಂಬ ಕಾರಣಕ್ಕೆ ಹೆಚ್ಚುವರಿ ಶೇ 25 ಸೇರಿ, ಆಗಸ್ಟ್ 27ರಿಂದ ಶೇ 50 ಆಯಿತು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿದ ಅಂಗಿಗೂ ಢಾಕಾದ ಅಂಗಿಗೂ ನಡುವೆ ಒಮ್ಮೆಲೇ ಶೇ 30ರ ಅಂತರ ಬಿತ್ತು. ಈ ದರಗಳು ಮುಂದೆ ಏರಲಿ ಇಳಿಯಲಿ, ಒಂದು ವಿಷಯ ಸ್ಪಷ್ಟವಾಗಿ ಹೋಯಿತು. ದಶಕಗಳ ಒಪ್ಪಂದ, ನಿಯಮಗಳ ಮೇಲೆ ನಿಂತಿದ್ದ ಮಾರುಕಟ್ಟೆ ಇನ್ನು ಒಂದು ಸಹಿಯ ಮೇಲೆ ನಿಂತಿದೆ.

ಇನ್ನೊಂದು ಕಡೆಯಿಂದ ಒತ್ತಡ ಚೀನಾದ್ದು. ಅಲ್ಲಿ ಜನಸಾಮಾನ್ಯರ ಮನೆಖರ್ಚು ಜಿಡಿಪಿಯ ಶೇ 40ರಷ್ಟು ಮಾತ್ರ, ಪ್ರಪಂಚದ ಸರಾಸರಿಗಿಂತ ಬಹಳ ಕಡಿಮೆ. ಆಸ್ಪತ್ರೆ, ಮುಪ್ಪು, ಮಕ್ಕಳ ಓದು ಇವುಗಳ ಭಯದಿಂದ ಜನ ಕೂಡಿಡುತ್ತಾರೆ. ಕೂಡಿಟ್ಟದ್ದನ್ನು ಹಾಕಿದ ಮನೆಗಳ ಬೆಲೆ 2021ರ ನಂತರ ಬೀಳುತ್ತ ಬಂತು. ಮನೆ ಕಟ್ಟಿ ಮಾರುತ್ತಿದ್ದ ದೈತ್ಯ ಎವರ್‌ಗ್ರಾಂಡ್ ಕಂಪನಿಯನ್ನು ಮುಚ್ಚಲು ಹಾಂಗ್‌ಕಾಂಗ್ ನ್ಯಾಯಾಲಯ 2024ರ ಜನವರಿಯಲ್ಲಿ ಆದೇಶಿಸಿತು. ದೇಶದೊಳಗೆ ಕೊಳ್ಳುವವರಿಲ್ಲದ ಕಾರು, ಉಕ್ಕು, ಸೌರಫಲಕ, ಬಟ್ಟೆ ಹೊರಗೆ ಹರಿಯಿತು. 2024ರಲ್ಲಿ ಚೀನಾದ ವ್ಯಾಪಾರ ಮಿಗುತಾಯ 990 ಬಿಲಿಯನ್ ಡಾಲರಿಗೂ ಹೆಚ್ಚು. ಅಮೆರಿಕ ಬಾಗಿಲು ಕಿರಿದು ಮಾಡಿದಷ್ಟೂ ಆ ಸರಕು ಆಗ್ನೇಯ ಏಷ್ಯಾಕ್ಕೆ ತಿರುಗುತ್ತದೆ. ಇಂಡೊನೇಷ್ಯಾದ ಸೋಲೊ ಬಳಿಯ ಸ್ರಿಟೆಕ್ಸ್, ಹಲವು ದೇಶಗಳ ಸೈನ್ಯಕ್ಕೆ ಸಮವಸ್ತ್ರ ಹೊಲಿಯುತ್ತಿದ್ದ 1966ರ ಕಂಪನಿ, 2025ರ ಮಾರ್ಚ್ 1ರಂದು ಬಾಗಿಲು ಹಾಕಿತು; ಹತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅದರ ಸಾಲದ ಹೊರೆಯೂ ದೊಡ್ಡದಿತ್ತು, ಅಗ್ಗದ ಆಮದು ಕೊನೆಯ ಒದೆತ. ಥಾಯ್ಲೆಂಡಿನ ರಯೊಂಗ್‌ನಲ್ಲಿ 2024ರ ಜುಲೈಯಲ್ಲಿ ಚೀನಾದ ಬಿವೈಡಿ ಎಲೆಕ್ಟ್ರಿಕ್ ಕಾರಿನ ಕಾರ್ಖಾನೆ ತೆರೆಯಿತು. ಅದಕ್ಕೆ ಒಂದು ತಿಂಗಳ ಮುಂಚೆ ಸುಜುಕಿ ತನ್ನ ಥಾಯ್ ಕಾರ್ಖಾನೆ ಮುಚ್ಚುವುದಾಗಿ ಹೇಳಿತ್ತು. ಅದೇ ಚೀನಾ ಬಂಡವಾಳವನ್ನೂ ತರುತ್ತದೆ, ಸ್ಥಳೀಯ ಕಾರ್ಖಾನೆಯನ್ನೂ ಮುಚ್ಚಿಸುತ್ತದೆ. ಅತ್ತ ದರಿ ಇತ್ತ ಪುಲಿ.

ಇಂಡೊನೇಷ್ಯಾ ಇದಕ್ಕೆ ಬೇರೆಯೇ ಉತ್ತರ ಹುಡುಕಿತು. ಪ್ರಪಂಚದಲ್ಲೇ ಅತಿ ಹೆಚ್ಚು ನಿಕ್ಕಲ್ ತೆಗೆಯುವ ಆ ದೇಶ 2020ರ ಜನವರಿಯಿಂದ ಕಚ್ಚಾ ಅದಿರಿನ ರಫ್ತನ್ನೇ ನಿಲ್ಲಿಸಿತು. ಬೇಕಾದರೆ ಇಲ್ಲಿಗೆ ಬಂದು ಕುಲುಮೆ ಹಾಕಿ ಎಂದಿತು. ಸುಲವೆಸಿ ದ್ವೀಪದ ಮೊರೊವಾಲಿಗೆ ಚೀನಾದ ಕಂಪನಿಗಳು ಬಂದವು. ಲೋಹದ ರಫ್ತು ಹಲವು ಪಟ್ಟು ಏರಿತು. ಬಳ್ಳಾರಿ-ಸಂಡೂರಿನಿಂದ ಹಡಗುಗಟ್ಟಲೆ ಅದಿರು ಚೀನಾಕ್ಕೆ ಹೋದ ದಿನಗಳನ್ನು ಕಂಡ ನಮಗೆ ಆ ಧೈರ್ಯ ಮೆಚ್ಚುಗೆಯಾಗುವುದು ಸಹಜ. ಆದರೆ ಕುಲುಮೆಗೆ ವಿದ್ಯುತ್ ಕಲ್ಲಿದ್ದಲಿನಿಂದ, ಯಂತ್ರ-ತಂತ್ರಜ್ಞಾನ ಹೊರಗಿನವರದು, ಲಾಭದ ದೊಡ್ಡ ಪಾಲೂ ಹೊರಗಿನವರದು, ಸುತ್ತಲಿನ ಕಡಲು ಮತ್ತು ಕಾಡು ಹಾಳು. ಬಂಡವಾಳ ಹೆಚ್ಚು ಕೇಳುವ ಉದ್ಯಮ, ಕೈಗೆ ಕೊಡುವ ಕೆಲಸ ಕಡಿಮೆ.

ಕೂಲಿ, ತೆರಿಗೆ, ಆಸ್ಪತ್ರೆ

ಐಎಂಎಫ್ ಲೆಕ್ಕದಲ್ಲಿ ಪ್ರಪಂಚದ ಬೆಳವಣಿಗೆಯಲ್ಲಿ ಸುಮಾರು ಶೇ 60 ಪಾಲು ಏಷ್ಯಾದ್ದು. ಅಂಕಿ ಸುಳ್ಳಲ್ಲ. ಆದರೆ ಇದೇ ವರ್ಷಗಳಲ್ಲಿ ಬೀದಿಗಳು ಹೇಳಿದ್ದನ್ನೂ ಕೇಳಿಸಿಕೊಳ್ಳಬೇಕು. 2022ರಲ್ಲಿ ಜನ ಬೀದಿಗಿಳಿದದ್ದು ಕೊಲಂಬೊದಲ್ಲಿ. 2024ರಲ್ಲಿ ಢಾಕಾ, ಅಲ್ಲಿ ಕಿಡಿ ಹೊತ್ತಿದ್ದೇ ಸರ್ಕಾರಿ ಕೆಲಸದ ಮೀಸಲಾತಿಯ ಪ್ರಶ್ನೆಯಿಂದ. 2025ರ ಆಗಸ್ಟ್‌ನಲ್ಲಿ ಜಕಾರ್ತ. ಅಲ್ಲಿ ಸಂಸದರಿಗೆ ತಿಂಗಳಿಗೆ 5 ಕೋಟಿ ರುಪಿಯಾ ಮನೆ ಬಾಡಿಗೆ ಭತ್ಯೆ ಎಂದು ತಿಳಿದಾಗ ಜನ ಸಿಡಿದೆದ್ದರು, ಅದು ಆ ನಗರದ ಕನಿಷ್ಠ ಕೂಲಿಯ ಸುಮಾರು ಒಂಬತ್ತು ಪಟ್ಟು. ಸೆಪ್ಟೆಂಬರಿನಲ್ಲಿ ಕಠ್ಮಂಡು. ಎಲ್ಲ ಕಡೆ ಮುಂದೆ ನಿಂತವರು ಓದಿದ, ಕೆಲಸವಿಲ್ಲದ, ಇಲ್ಲವೇ ಓದಿಗೆ ತಕ್ಕ ಕೆಲಸವಿಲ್ಲದ ಯುವಜನ. ಕಾರ್ಖಾನೆಗಳು ಮೊದಲಿನಷ್ಟು ಕೈಗಳನ್ನು ಕೇಳುತ್ತಿಲ್ಲ. ಈಗಿನ ಬಡ ದೇಶಗಳು ಹಿಂದಿನವರಿಗಿಂತ ಬೇಗ, ಕಡಿಮೆ ಆದಾಯದ ಮಟ್ಟದಲ್ಲೇ ಕಾರ್ಖಾನೆ ಕೆಲಸದ ತುದಿ ಮುಟ್ಟಿಬಿಡುತ್ತಿವೆ ಎಂದು ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ ತೋರಿಸಿದ್ದಾರೆ. ದೇವನಹಳ್ಳಿ, ನರಸಾಪುರಗಳಲ್ಲಿ ಐಫೋನ್ ಜೋಡಿಸುವ ಕೆಲಸ ಸಾವಿರಾರು ಹೆಣ್ಣುಮಕ್ಕಳಿಗೆ ಸಂಬಳ ತಂದಿದೆ, ಅದು ಬೇಕು. ಬಿಡಿಭಾಗವೂ ಇಲ್ಲೇ ಆಗುವವರೆಗೆ ನಾವೂ ವಿಯೆಟ್ನಾಂನ ಬಾಕ್ ನಿನ್ ನಿಂತಲ್ಲೇ ನಿಂತಿರುತ್ತೇವೆ ಎಂಬುದೂ ನಿಜ.

ಹಾಗಾದರೆ ಉಳಿದ ದಾರಿ? ಹೊರಗಿನವರು ಕೊಳ್ಳದಿದ್ದರೆ ಒಳಗಿನವರು ಕೊಳ್ಳುವಂತಾಗಬೇಕು. ಹೇಳುವುದು ಸುಲಭ. ಒಳಗಿನವರು ಕೊಳ್ಳಬೇಕಾದರೆ ಕೂಲಿ ಏರಬೇಕು. ಕೂಲಿ ಏರಿದರೆ ರಫ್ತು ಹೋಗುತ್ತದೆ ಎಂದು ಉದ್ಯಮಿಗಳು ಹೆದರಿಸುತ್ತಾರೆ, ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಬರೀ ಕೂಲಿ ಏರಿದರೂ ಸಾಲದು. ನಾಳೆಯ ಭಯವಿರುವವರು ಇವತ್ತು ಖರ್ಚು ಮಾಡುವುದಿಲ್ಲ. ಥಾಯ್ಲೆಂಡ್ 2002ರ ಹೊತ್ತಿಗೆ, ಬಿಕ್ಕಟ್ಟಿನಿಂದ ಇನ್ನೂ ಪೂರ್ತಿ ಎದ್ದಿರದಿದ್ದಾಗಲೇ, ಒಂದು ಸಲಕ್ಕೆ 30 ಬಾತ್ ಕೊಟ್ಟರೆ ಚಿಕಿತ್ಸೆ ಎಂಬ ಯೋಜನೆಯನ್ನು ದೇಶವಿಡೀ ತಂದಿತು. ಈಗ ಅಲ್ಲಿ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವುದು ಶೇ 10ರ ಆಸುಪಾಸು. ಭಾರತದಲ್ಲಿ 2021–22ರ ಲೆಕ್ಕದಂತೆ ಶೇ 39. ಬಡ ದೇಶಕ್ಕೆ ಇದೆಲ್ಲ ಸಾಧ್ಯವಿಲ್ಲ ಎಂಬ ಮಾತನ್ನು ಆ ಒಂದು ಉದಾಹರಣೆ ಸುಳ್ಳು ಮಾಡಿದೆ. ಅದೇ ಥಾಯ್ಲೆಂಡ್ ಇನ್ನೊಂದು ಎಚ್ಚರಿಕೆಯೂ ಹೌದು: ಮನೆಮಂದಿಯ ಸಾಲ ಜಿಡಿಪಿಯ ಶೇ 90ರ ಹತ್ತಿರ, 2024ರಲ್ಲಿ ಹುಟ್ಟಿದ ಮಕ್ಕಳು 5 ಲಕ್ಷಕ್ಕೂ ಕಡಿಮೆ. ಜಪಾನ್ ಶ್ರೀಮಂತವಾದ ಮೇಲೆ ಮುದಿಯಾಯಿತು; ಥಾಯ್ಲೆಂಡ್ ಅದಕ್ಕೆ ಮುಂಚೆಯೇ ಆಗುತ್ತಿದೆ. ವಿಯೆಟ್ನಾಂ 2025ರ ಜೂನ್‌ನಲ್ಲಿ ಎರಡೇ ಮಕ್ಕಳ ನಿಯಮವನ್ನು ಕೈಬಿಟ್ಟದ್ದೂ ಇದೇ ಭಯಕ್ಕೆ.

ಆಸ್ಪತ್ರೆಗೆ, ಪಿಂಚಣಿಗೆ ತೆರಿಗೆ ಬೇಕು. ಇಲ್ಲೇ ಗಾಡಿ ಹೂತುಹೋಗುವುದು. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯಲ್ಲಿ ಸರಾಸರಿ ತೆರಿಗೆ ಜಿಡಿಪಿಯ ಶೇ 34ರಷ್ಟು. ಇಂಡೊನೇಷ್ಯಾದಲ್ಲಿ ಶೇ 10ರ ಆಸುಪಾಸು, ಬಾಂಗ್ಲಾದೇಶದಲ್ಲಿ ಅದಕ್ಕೂ ಕಡಿಮೆ. ಇಂಡೊನೇಷ್ಯಾ 2025ರ ಜನವರಿಯಿಂದ ಮೌಲ್ಯವರ್ಧಿತ ತೆರಿಗೆಯನ್ನು ಶೇ 12ಕ್ಕೆ ಏರಿಸಬೇಕಿತ್ತು. ಹಿಂದಿನ ದಿನ, ಡಿಸೆಂಬರ್ 31ರಂದು, ಐಷಾರಾಮಿ ವಸ್ತುಗಳಿಗೆ ಮಾತ್ರ ಎಂದು ಹಿಂದೆ ಸರಿಯಿತು. ಜನ ಸಿಟ್ಟಾಗಿದ್ದರಲ್ಲಿ ತಪ್ಪಿಲ್ಲ. ಉಪ್ಪಿನಿಂದ ಸೋಪಿನವರೆಗೆ ಎಲ್ಲಕ್ಕೂ ಬಡವರು ತೆರಿಗೆ ಕಟ್ಟುತ್ತಾರೆ. ಭೂಮಿ, ಕಟ್ಟಡ, ಷೇರಿನಿಂದ ಬರುವ ಆದಾಯಕ್ಕೆ ದಾರಿಗಳು ನೂರು. ಏಷ್ಯಾದ ಬಹುತೇಕ ಸರ್ಕಾರಗಳಿಗೆ ಇರುವ ಅತ್ಯಂತ ಕಷ್ಟದ ಕೆಲಸ ಬಡ್ಡಿದರವೂ ಅಲ್ಲ, ವಿನಿಮಯ ದರವೂ ಅಲ್ಲ, ಉಳ್ಳವರಿಂದ ತೆರಿಗೆ ವಸೂಲಿ ಮಾಡುವುದು. ಅದಕ್ಕೆ ಕೇಂದ್ರ ಬ್ಯಾಂಕಿನ ಜಾಣತನ ಸಾಲದು, ರಾಜಕೀಯ ಎದೆಗಾರಿಕೆ ಬೇಕು.

ಮೊದಲ ದೊಡ್ಡ ಪರೀಕ್ಷೆ ಬಾಂಗ್ಲಾದೇಶದ ಮುಂದಿದೆ. ಅದರ ರಫ್ತಿನಲ್ಲಿ ಶೇ 80ಕ್ಕೂ ಹೆಚ್ಚು ಸಿದ್ಧ ಉಡುಪು, ಅದನ್ನು ಹೊಲಿಯುವವರು ಸುಮಾರು 40 ಲಕ್ಷ ಜನ, ಹೆಚ್ಚಿನವರು ಹೆಂಗಸರು. ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿದ್ದ ಕಾರಣ ಯುರೋಪಿಗೆ ಸುಂಕವಿಲ್ಲದೆ ಮಾರುವ ಅವಕಾಶ ಅದಕ್ಕಿತ್ತು. ಆ ಪಟ್ಟಿಯಿಂದ ಹೊರಬರಲು ವಿಶ್ವಸಂಸ್ಥೆ 2021ರಲ್ಲಿ ಗೊತ್ತುಮಾಡಿದ ದಿನ 2026ರ ನವೆಂಬರ್ 24. ಹೊರಬಂದ ಮೇಲೂ ಯುರೋಪು ಮೂರು ವರ್ಷ ರಿಯಾಯಿತಿ ಮುಂದುವರಿಸುತ್ತದೆ. ಆ ಮೂರು ವರ್ಷಗಳಲ್ಲಿ ಮಾಲೀಕರು ಕೂಲಿಯನ್ನು ಇನ್ನಷ್ಟು ಅದುಮಿ ಹಳೆಯ ಆಟವನ್ನೇ ಆಡಬಹುದು. ಇಲ್ಲವೇ ನೂಲು, ಬಟ್ಟೆ, ವಿನ್ಯಾಸವನ್ನೂ ತಾವೇ ಮಾಡುತ್ತ, ಹೊಲಿಯುವವಳೂ ತಾನು ಹೊಲಿದದ್ದನ್ನು ಕೊಳ್ಳಬಲ್ಲಂಥ ದೇಶ ಕಟ್ಟಬಹುದು. ಕಳೆದ ಸಲ, 2023ರ ಕೊನೆಯಲ್ಲಿ, ಐದು ವರ್ಷದ ನಂತರ ಕನಿಷ್ಠ ಕೂಲಿ ಪರಿಷ್ಕರಣೆಯಾದಾಗ ಕಾರ್ಮಿಕರು ತಿಂಗಳಿಗೆ 23,000 ಟಾಕಾ ಕೇಳಿ ಬೀದಿಗಿಳಿದಿದ್ದರು. ಸರ್ಕಾರ ಕೊಟ್ಟದ್ದು 12,500.